ಬೀಗದಕೈಯೊಳಗಿನ ಬೀಗದಕೈ

ಮನೆಯ ಯಜಮಾನಿಕೆಯನ್ನು ನಮ್ಮಲ್ಲಿ ಬಹಳ ಕಾಲ ಬೀಗದಕೈ ಗೊಂಚಲಿನಿಂದ ಅಳೆಯುತ್ತಿದ್ದರು. ಗೊಂಚಲು ಅತ್ತೆಯ ಸೊಂಟದಲ್ಲಿ ಇರುವಷ್ಟು ದಿನ ಅತ್ತೆಯ ಕಾಲ. ಅದು ಸೊಸೆಯ ಸೊಂಟಕ್ಕೆ ಬಂದ ದಿನದಿಂದ ಸೊಸೆಯ ಕಾಲ. ಆ ಗೊಂಚಲಿನಲ್ಲಿ ಉಗ್ರಾಣದ್ದು, ಹಾಲು ಮೊಸರಿನ ಗೂಡಿನದು, ಬಟ್ಟೆ ಪೆಟ್ಟಿಗೆಯದು ಎಲ್ಲವೂ ಇರುತ್ತಿದ್ದವು. ದುಡ್ಡಿನ ತಿಜೋರಿಯದು ಮಾತ್ರ ಇರುತ್ತಿರಲಿಲ್ಲ. ಅದು ಮಾವನವರ ಉಡಿದಾರದಲ್ಲಿ ನೇತಾಡುತ್ತಿತ್ತು. ಹೆಂಗಸರು ಗೊಂಚಲಿನ ಸದ್ದಿಗೇ ಹೆಮ್ಮೆಪಟ್ಟುಕೊಂಡು, ಅದರಲ್ಲಿ ಯಾವುದು ಇಲ್ಲ ಎಂಬುದನ್ನು ಕೇಳದೆ ಎಷ್ಟೋ ತಲೆಮಾರು ಕಳೆದರು.

ಈಗ ಉಗ್ರಾಣವೂ ಇಲ್ಲ, ಸೊಂಟಕ್ಕೆ ಸಿಕ್ಕಿಸುವ ಗೊಂಚಲೂ ಇಲ್ಲ. ಅದರ ಬದಲು ವ್ಯಾನಿಟಿ ಬ್ಯಾಗಿನೊಳಗೆ ಕಾರಿನ ಕೀ ಬಂದು ಕೂತಿದೆ. ನಮ್ಮಂಥ ಸಣ್ಣ ಊರುಗಳಲ್ಲೂ ಬ್ಯಾಂಕಿನ ಹುಡುಗಿಯರು, ಆಸ್ಪತ್ರೆಯ ನರ್ಸುಗಳು, ನನ್ನಂಥ ಟೀಚರುಗಳು ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಸಂತೋಷದ ಸಂಗತಿಯೇ. ಆದರೆ ಈ ಹೊಸ ಬೀಗದಕೈಯಲ್ಲೂ ಆ ಹಳೆಯ ತಿಜೋರಿಯ ಕತೆಯೇ ಮುಂದುವರಿದಿದೆ ಎಂಬುದು ನನ್ನ ತಕರಾರು. ಕೀ ನಮ್ಮ ಕೈಗೆ ಬಂದಿದೆ. ಆ ಕೀಯ ಹೊಟ್ಟೆಯೊಳಗೆ ಇನ್ನೊಂದು ಕೀ ಇದೆ ಎಂಬ ಸುದ್ದಿ ಮಾತ್ರ ನಮಗೆ ಬಂದಿಲ್ಲ.

ಇದೇನು ಒಗಟು ಎನ್ನಬೇಡಿ, ನಡೆದದ್ದನ್ನೇ ಹೇಳುತ್ತೇನೆ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗುತ್ತಾರೆ. ಏಪ್ರಿಲ್ ತಿಂಗಳ ಒಂದು ದಿನ ಜೊತೆಗಿರಲೆಂದು ನಾನೂ ಹೋಗಿದ್ದೆ. ನಾಲ್ಕು ಗಂಟೆ ಮಿಷನ್ನಿನ ಪಕ್ಕ ಮಲಗಿ ಎದ್ದ ಆ ಹಿರಿಯ ಜೀವ ತೋಳಿಗೆ ಪಟ್ಟಿ ಸುತ್ತಿಕೊಂಡು, ಬಿ.ಪಿ. ಇಳಿದು ತೂರಾಡುತ್ತ ಹೊರಗೆ ಬಂದರು. ಮಧ್ಯಾಹ್ನದ ಒಂದೂವರೆ ಗಂಟೆ. ಮೇಡಂ ಕೀಯ ಗುಂಡಿ ಒತ್ತಿದರು. ಕಾರು ಮಾತಾಡಲಿಲ್ಲ. ಮತ್ತೆ ಒತ್ತಿದರು, ಹತ್ತಿರ ಹೋಗಿ ಒತ್ತಿದರು, ಬಾಗಿಲಿಗೆ ತಾಗಿಸಿ ಒತ್ತಿದರು. ಊಹೂಂ. ತಾಯಿಯ ಮಾತ್ರೆ, ಕುಡಿಯಲು ಅಳತೆ ಮಾಡಿ ತಂದಿದ್ದ ನೀರು, ಊಟದ ಡಬ್ಬಿ, ಡಾಕ್ಟರ ಫೈಲು ಎಲ್ಲವೂ ಗಾಜಿನಾಚೆ ಕಾಣುತ್ತ ಕೂತಿದ್ದವು.

ಜನ ಸೇರುವುದಕ್ಕೆ ನಮ್ಮಲ್ಲಿ ಎಷ್ಟು ಹೊತ್ತು ಬೇಕು? ಕಾವಲುಗಾರ ಬಂದ. ಒಬ್ಬ ಹುಡುಗ ಸ್ಟೀಲಿನ ಸ್ಕೇಲು ತಂದು ಕಿಟಕಿಯ ರಬ್ಬರಿನ ಸಂದಿಗೆ ತುರುಕಿದ. ಇನ್ನೊಬ್ಬರು ಕಲ್ಲು ಎತ್ತಿಕೊಂಡರು. ಮೇಡಂ ಬೆಂಗಳೂರಿನಲ್ಲಿದ್ದ ಯಜಮಾನರಿಗೆ ಫೋನು ಮಾಡಿದರು. ಅವರು ಮೀಟಿಂಗಿನಲ್ಲಿದ್ದರು. ಕಾರು ಕೊಟ್ಟ ಶೋರೂಮಿಗೆ ಫೋನು ಮಾಡಿದರೆ, "ಗಾಡಿ ಟೋ ಮಾಡಿಸ್ಬೇಕಾಗತ್ತೆ ಮೇಡಂ. ಸಾರ್ ನಂಬರ್ ಕೊಡಿ, ನಾವು ಸಾರ್ ಹತ್ರ ಮಾತಾಡ್ತೀವಿ" ಎಂಬ ಉತ್ತರ ಬಂತು. ಕಾರಿನ ಪಕ್ಕ ನಿಂತವರು ಮೇಡಂ, ಮಾತಾಡಬೇಕಾದದ್ದು ಸಾರ್ ಹತ್ರ!

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಆ ತಾಯಿಯ ಪಕ್ಕ ಕೂತು ಸೆರಗಿನಲ್ಲಿ ಗಾಳಿ ಬೀಸುತ್ತಿದ್ದೆ. ಮುಕ್ಕಾಲು ಗಂಟೆಯ ನಂತರ, ಮೊದಲು ಅವರನ್ನು ಮನೆಗೆ ಸೇರಿಸೋಣವೆಂದು ಒಂದು ಆಟೋ ಕರೆದೆವು. ಆ ಆಟೋದವನು ಇಳಿದು ಬಂದು, "ಅಕ್ಕಾ, ಆ ಕೀ ಇಲ್ಲಿ ಕೊಡಿ" ಎಂದ. ಕೀಯ ಪಕ್ಕದಲ್ಲಿದ್ದ ಕಡಲೆಕಾಳಿನಷ್ಟು ದೊಡ್ಡ ತಡೆಯನ್ನು ಉಗುರಿನಿಂದ ಸರಿಸಿ ಎಳೆದ. ಕಪ್ಪು ಪ್ಲಾಸ್ಟಿಕ್ಕಿನ ಒಳಗಿನಿಂದ ಕಿರುಬೆರಳುದ್ದದ ಕಬ್ಬಿಣದ ಕೀ ಹೊರಗೆ ಬಂತು. ಡ್ರೈವರ್ ಬಾಗಿಲ ಹಿಡಿಕೆಯ ತುದಿಯಲ್ಲಿದ್ದ ಮುಚ್ಚಳವನ್ನು ಅದರ ಮೊನೆಯಿಂದಲೇ ಎಬ್ಬಿಸಿದ. ಅಡಿಯಲ್ಲಿ, ನಮ್ಮ ಗಾಡ್ರೇಜ್ ಬೀರುವಿಗೆ ಇರುವ ಹಾಗೆ, ಒಂದು ಕೀ ಹಾಕುವ ತೂತು! ತಿರುಗಿಸಿದ, ಬಾಗಿಲು ತೆರೆಯಿತು. ಅರ್ಧ ನಿಮಿಷದ ಕೆಲಸ. ಚಿಕ್ಕಂದಿನಲ್ಲಿ ಗ್ಯಾರೇಜಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದನಂತೆ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂದು ಆ ಮೇಡಂ ಅವರನ್ನು ನೋಡಿ ನಕ್ಕವರಿದ್ದರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅಂಗೈಯಲ್ಲಿ ಇರುವುದು ಬೆಣ್ಣೆ ಎಂದು ಹೇಳಬೇಕಾದವರು ಹೇಳಿದ್ದರೆ ತಾನೆ? ಆ ಕಾರಿನ ಸಾಲದ ಕಂತು ನಾಲ್ಕು ವರ್ಷದಿಂದ ಮೇಡಂ ಸಂಬಳದಲ್ಲಿ ಕಡಿತವಾಗುತ್ತಿದೆ. ದಿನಾ ಓಡಿಸುವವರು ಅವರು. ಕಾರು ಕೊಡುವ ದಿನ ಶೋರೂಮಿನವರು ಹಾರ ಹಾಕಿದರು, ರಟ್ಟಿನ ದೊಡ್ಡ ಬೀಗದಕೈಯನ್ನು ಇವರ ಕೈಗೆ ಕೊಟ್ಟು ಫೋಟೋ ತೆಗೆದರು, ಸಿಹಿ ಹಂಚಿದರು. ಆಮೇಲೆ ಬಾನೆಟ್ ಎತ್ತಿ ವಿವರಣೆ ಕೊಡುವಾಗ "ಬನ್ನಿ ಸಾರ್" ಎಂದು ಯಜಮಾನರನ್ನು ಕರೆದರು. ನಿಜವಾದ ಬೀಗದಕೈಯ ಪಾಠ ಸಾರ್‌ಗೆ, ರಟ್ಟಿನ ಬೀಗದಕೈ ಮೇಡಂಗೆ. ಎರಡನೆಯ ಕೀ ಯಜಮಾನರ ಬೀರುವಿಗೆ ಹೋಯಿತು. ಮಾಲೀಕರ ಕೈಪಿಡಿ ಇಂಗ್ಲಿಷಿನಲ್ಲಿ ನೂರಾರು ಪುಟ. ಅದು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ, ಅಂದರೆ ಬೀಗ ಹಾಕಿದ ಕಾರಿನೊಳಗೇ ಇರುತ್ತದೆ. ಬಾವಿಗೆ ಬಿದ್ದವನಿಗೆ ಈಜುವ ಪುಸ್ತಕವನ್ನು ಕಟ್ಟೆಯ ಮೇಲೆ ಇಟ್ಟ ಹಾಗೆ.

ಇದರಲ್ಲಿ ಅಂಥ ದೊಡ್ಡ ವಿದ್ಯೆಯೇನೂ ಇಲ್ಲ, ನೋಡಿ. ಬಿ.ಎ. ಓದಿ ಕನ್ನಡ ಪಾಠ ಮಾಡುವ ನನಗೇ ಅರ್ಥವಾಗಿದೆ. ಇಲ್ಲಿ ಇರುವುದು ಎರಡು ಬ್ಯಾಟರಿ. ಒಂದು ಕೀಯೊಳಗೆ ಇರುವ ಬಿಲ್ಲೆಯಂಥ ಸೆಲ್, 3 ವೋಲ್ಟಿನದು. ಬಹಳಷ್ಟು ಕೀಗಳಲ್ಲಿ ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಇನ್ನೊಂದು ಬಾನೆಟ್ ಕೆಳಗಿನ 12 ವೋಲ್ಟಿನ ಬ್ಯಾಟರಿ. ಕೀಯ ಸೆಲ್ ಮುಗಿದರೆ ಕೀ ಕೂಗುವುದಿಲ್ಲ. ಕಾರಿನ ಬ್ಯಾಟರಿ ಇಳಿದರೆ ಕೀ ಎಷ್ಟು ಕೂಗಿದರೂ ಕಾರಿಗೆ ಕೇಳಿಸುವುದಿಲ್ಲ. ಯಾವುದು ಸತ್ತಿದೆ ಎಂದು ತಿಳಿಯಬೇಕಾದರೆ ಎರಡನೆಯ ಕೀ ಒತ್ತಿ ನೋಡಿ. ಅದಕ್ಕೆ ಬಾಗಿಲು ತೆರೆದರೆ ಮೊದಲ ಕೀಯ ಸೆಲ್ ಮುಗಿದಿದೆ ಎಂದರ್ಥ. ಅದಕ್ಕೂ ಕಾರು ಅಲುಗದಿದ್ದರೆ ದೊಡ್ಡ ಬ್ಯಾಟರಿಯನ್ನೇ ಅನುಮಾನಿಸಬೇಕು. ಎರಡಕ್ಕೂ ಮೊದಲ ಮದ್ದು ಆ ಒಳಗಿನ ಕಬ್ಬಿಣದ ಕೀ.

ಬಾಗಿಲು ತೆರೆದ ಮೇಲೆ ಕಾಯಿಲೆಗೆ ತಕ್ಕ ಔಷಧಿ. ಸೆಲ್ ಮಾತ್ರ ಮುಗಿದಿದ್ದರೆ, ಕೀಯನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ ಹಿಡಿದು, ಬ್ರೇಕೋ ಕ್ಲಚ್ಚೋ ಒತ್ತಿ ಗುಂಡಿ ಅದುಮಿದರೆ ಹಲವು ಕಾರುಗಳು ಸ್ಟಾರ್ಟ್ ಆಗುತ್ತವೆ. ಕೆಲವು ಕಾರುಗಳಲ್ಲಿ ಅದಕ್ಕೆಂದೇ ಬೇರೆ ಜಾಗ ಇರುತ್ತದೆ. ಅಲಾರಾಂ ಹೊಡೆದುಕೊಂಡರೆ ಗಾಬರಿ ಬೇಡ, ಕಾರು ತನ್ನ ಕೀಯನ್ನು ಗುರುತು ಹಿಡಿದ ಮೇಲೆ ಅದೇ ಸುಮ್ಮನಾಗುತ್ತದೆ. ದೊಡ್ಡ ಬ್ಯಾಟರಿ ಇಳಿದಿದ್ದರೆ ಬಾನೆಟ್ ತೆರೆಯುವ ಸನ್ನೆ ಸ್ಟೇರಿಂಗಿನ ಕೆಳಭಾಗದಲ್ಲಿ ಇರುತ್ತದೆ. ಅದು ಸಾಮಾನ್ಯವಾಗಿ ತಂತಿಯಿಂದ ಎಳೆಯುವಂಥದ್ದು, ಅದಕ್ಕೆ ಕರೆಂಟು ಬೇಡ. ಇನ್ನೊಂದು ಕಾರಿನಿಂದ ಜಂಪ್ ಕೇಬಲ್ ಹಾಕಿಸಿಕೊಳ್ಳಬಹುದು. ಕೆಂಪು ತಂತಿ ಮೊದಲು ಸತ್ತ ಬ್ಯಾಟರಿಯ ಕೂಡು ಗುರುತಿಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಕೂಡು ಗುರುತಿಗೆ. ಕಪ್ಪು ತಂತಿ ಒಳ್ಳೆಯ ಬ್ಯಾಟರಿಯ ಕಳೆ ಗುರುತಿಗೆ, ಅದರ ಕೊನೆಯ ತುದಿ ಮಾತ್ರ ಸತ್ತ ಬ್ಯಾಟರಿಗಲ್ಲ, ಆ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯ ಹತ್ತಿರ ಉರಿಯುವ ಅನಿಲ ಇರಬಹುದು, ಕಿಡಿ ದೂರವಿರಲಿ ಎಂದು ಈ ಕ್ರಮ. ಬಿಚ್ಚುವಾಗ ಹಾಕಿದ್ದಕ್ಕೆ ತಿರುಗಾಮುರುಗಾ. ವಿದ್ಯುತ್ ಕಾರು, ಹೈಬ್ರಿಡ್ ಕಾರು ಇರುವವರು ಕೈಪಿಡಿ ನೋಡದೆ ಇದಕ್ಕೆ ಕೈ ಹಾಕಬಾರದು. ಇನ್ನು ಆ ಸ್ಕೇಲು ತುರುಕುವ ಪರಾಕ್ರಮಿಗಳನ್ನು ದೂರ ಇಡಿ. ಈಗಿನ ಬಾಗಿಲುಗಳ ಒಳಗೆ ವೈರುಗಳಿರುತ್ತವೆ. ಬೀಗ ತೆರೆಯುವ ಹೆಸರಿನಲ್ಲಿ ಕಿಟಕಿಯೂ ಕೆಡುತ್ತದೆ.

ಇಷ್ಟೇ. ಮೈಸೂರುಪಾಕಿಗೆ ಪಾಕ ಹಿಡಿಯುವುದು ಇದಕ್ಕಿಂತ ಕಷ್ಟ. ಎಳೆ ಒಂದು ಹೆಚ್ಚಾದರೆ ಕಲ್ಲು, ಕಡಿಮೆಯಾದರೆ ಹಲ್ವಾ ಎಂಬ ಸೂಕ್ಷ್ಮವನ್ನು ಕಣ್ಣಳತೆಯಲ್ಲಿ ಹಿಡಿಯುವ ನಮಗೆ ಒಂದು ತಡೆ ಸರಿಸಿ ಕೀ ಎಳೆಯುವುದು ಬಾರದೆ?

"ಹೆಂಗಸರಿಗೂ ಮಿಷನ್ನಿಗೂ ಆಗಿಬರದು" ಎನ್ನುವವರಿಗೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಪ್ರಪಂಚದಲ್ಲಿ ಮೊಟ್ಟಮೊದಲ ಬಾರಿಗೆ ಕಾರಿನಲ್ಲಿ ದೂರದ ಪ್ರಯಾಣ ಮಾಡಿದವಳು ಒಬ್ಬ ಹೆಂಗಸು. 1888ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ತಿಳಿಸದೆ, ಅವನೇ ಮಾಡಿದ್ದ ಕಾರನ್ನು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ, ಸುಮಾರು 100 ಕಿಲೋಮೀಟರು, ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿಯೊಂದಕ್ಕೆ ಹೊದಿಕೆ ಹೋದಾಗ ತನ್ನ ಕಾಲುಚೀಲದ ಪಟ್ಟಿ ಸುತ್ತಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಅಂಥವಳಿಂದ ಶುರುವಾದ ವಾಹನದಲ್ಲಿ ಕೂತು, ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, "ಸಾರ್ ಹತ್ರ ಮಾತಾಡ್ತೀವಿ" ಎಂಬ ಮಾತನ್ನು ನಾವು ಕೇಳಬೇಕೆ?

ತಪ್ಪೆಲ್ಲ ಶೋರೂಮಿನವರದೇ ಎಂದೂ ನಾನು ಹೇಳುವುದಿಲ್ಲ. ಕಾರು ಮಾಡುವವರಿಗೂ ಒಂದು ರೋಗ ತಗುಲಿದೆ. ಅದರ ಹೆಸರು ನಯನಾಜೂಕು. ಕೀ ಹಾಕುವ ತೂತು ಕಂಡರೆ ಬಾಗಿಲಿನ ಅಂದ ಕೆಡುತ್ತದಂತೆ, ಅದಕ್ಕೆ ಬಣ್ಣದ ಮುಚ್ಚಳ. ಹಿಂದೆ ಎರಡೂ ಬಾಗಿಲಿಗೆ ಇರುತ್ತಿದ್ದ ತೂತು ಈಗ ಬಹಳಷ್ಟು ಕಾರುಗಳಲ್ಲಿ ಒಂದೇ ಬಾಗಿಲಿಗೆ. ಕಾರು ಬಿಡಿ, ನಮ್ಮ ದ್ವಿಚಕ್ರಗಳನ್ನೇ ನೋಡಿ. 1972ರಲ್ಲಿ ಬಂದ ಲೂನಾಕ್ಕೆ ಪೆಡಲ್ ಇತ್ತು. ಪೆಟ್ರೋಲ್ ಮುಗಿದರೆ ಸೈಕಲಿನಂತೆ ತುಳಿದುಕೊಂಡು ಮನೆ ಸೇರಬಹುದಿತ್ತು. ಆಗಿನ ಎಷ್ಟೋ ಟೀಚರುಗಳು, ಗ್ರಾಮಸೇವಿಕೆಯರು ಅದರ ಮೇಲೆಯೇ ನೌಕರಿ ಮುಗಿಸಿದರು. ಈಗ ಎಷ್ಟೋ ಹೊಸ ಸ್ಕೂಟರುಗಳಿಗೆ ಕಿಕ್ಕರೇ ಇಲ್ಲ. ಬ್ಯಾಟರಿ ಇಳಿದರೆ ತಳ್ಳಿಕೊಂಡು ಹೋಗುವುದೊಂದೇ ದಾರಿ. ಅನುಕೂಲ ಕೊಡುತ್ತೇವೆ ಎನ್ನುತ್ತ ಆಪತ್ಕಾಲದ ದಾರಿಯನ್ನು ಒಂದೊಂದಾಗಿ ಮುಚ್ಚುವುದು ಯಾವ ನ್ಯಾಯ?

ಇದು ಬರಿಯ ಮೇಷ್ಟರಮ್ಮನ ಗೊಣಗಾಟವಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2025ರ ಸೆಪ್ಟೆಂಬರಿನಲ್ಲಿ ಟೆಸ್ಲಾ ಕಂಪನಿಯ 2021ರ ಮಾಡೆಲ್ ವೈ ಕಾರುಗಳ ಬಾಗಿಲ ಹಿಡಿಕೆಗಳ ಮೇಲೆ ತನಿಖೆ ಆರಂಭಿಸಿತು. ಅಂಥ ಕಾರುಗಳು ಸುಮಾರು 1 ಲಕ್ಷ 74 ಸಾವಿರ. ಕರೆಂಟಿನಿಂದ ಕೆಲಸ ಮಾಡುವ ಆ ಹಿಡಿಕೆಗಳು ಬ್ಯಾಟರಿಯ ಬಲ ಕುಂದಿದಾಗ ಹೊರಗಿನಿಂದ ತೆರೆಯದೆ, ಹಿಂದಿನ ಸೀಟಿನಲ್ಲಿದ್ದ ಮಕ್ಕಳನ್ನು ತೆಗೆಯಲಾಗದೆ, ಕೆಲವು ತಂದೆತಾಯಿಯರು ಕಿಟಕಿಯ ಗಾಜು ಒಡೆಯಬೇಕಾಯಿತು. ವಿದ್ಯುತ್ ಕಾರಿಗೆ ಎಷ್ಟು ದೊಡ್ಡ ಬ್ಯಾಟರಿ ಇದ್ದರೂ ಬಾಗಿಲು ತೆರೆಯುವ ಕೆಲಸ ಒಂದು ಸಣ್ಣ ಬ್ಯಾಟರಿಯದೇ. ಚೀನಾ ಸರ್ಕಾರವಂತೂ 2027ರ ಜನವರಿ 1ರಿಂದ ಹೊಸ ಮಾದರಿಯ ಕಾರುಗಳ ಬಾಗಿಲನ್ನು ಕರೆಂಟಿಲ್ಲದಾಗಲೂ ಒಳಗಿನಿಂದ, ಹೊರಗಿನಿಂದ ಕೈಯಲ್ಲೇ ತೆರೆಯುವಂತಿರಬೇಕು ಎಂದು ನಿಯಮ ಮಾಡಿದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಶಾಖ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಒಳಗೆ ಮಗು ಸಿಕ್ಕಿಕೊಂಡಿದ್ದು ಬಾಗಿಲು ತೆರೆಯದಿದ್ದರೆ ಕಾರಿನ ಅಂದ ನೋಡುತ್ತ ನಿಲ್ಲಬಾರದು. ಮಗುವಿನಿಂದ ದೂರದ ಪಕ್ಕದ ಕಿಟಕಿಯ ಮೂಲೆಗೆ ಹೊಡೆದು ಒಡೆಯಲೇಬೇಕು. ಮುಂದಿನ ದೊಡ್ಡ ಗಾಜು ಸುಲಭಕ್ಕೆ ಒಡೆಯುವುದಿಲ್ಲ.

ಇಷ್ಟು ಹೇಳಿದರೆ ಕೆಲವರು ಎದುರಾಡುತ್ತಾರೆ. "ಈಗ ಫೋನು ಮಾಡಿದರೆ ಕಂಪನಿಯವರೇ ಬಂದು ಸರಿಮಾಡುತ್ತಾರಲ್ಲ" ಎನ್ನುತ್ತಾರೆ. ಬರುತ್ತಾರೆ, ಬೆಂಗಳೂರಿನಲ್ಲಿ. ಆಗುಂಬೆ ಘಾಟಿಯಲ್ಲಿ, ಕುದುರೆಮುಖದ ಕಾಡುದಾರಿಯಲ್ಲಿ ಫೋನಿಗೆ ಸಿಗ್ನಲ್ಲೇ ಸಿಗದ ಜಾಗಗಳಿವೆ. ಅದೂ ಅಲ್ಲದೆ ಆ ಫೋನು ಹ್ಯಾಂಡ್‌ಬ್ಯಾಗಿನ ಜೊತೆ ಕಾರಿನೊಳಗೇ ಉಳಿದಿದ್ದರೆ? "ಮೊಬೈಲಿನಲ್ಲಿ ಎಲ್ಲ ವಿಡಿಯೋ ಇದೆ" ಎನ್ನುತ್ತಾರೆ. ಇದೆ. ಬಿಸಿಲಿನಲ್ಲಿ, ಅಳುವ ಮಗುವನ್ನೋ ತೂರಾಡುವ ತಾಯಿಯನ್ನೋ ಹಿಡಿದುಕೊಂಡು, ಸುತ್ತ ಹತ್ತು ಜನ ಉಪದೇಶ ಮಾಡುತ್ತಿರುವಾಗ ಯಾರು ವಿಡಿಯೋ ಹುಡುಕಿ ಕಲಿಯುತ್ತಾರೆ? ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. "ಬ್ಯಾಟರಿ ಅಪರೂಪಕ್ಕೆ ತಾನೆ ಇಳಿಯುವುದು" ಎನ್ನುವವರು 2020ನೆಯ ಇಸವಿಯನ್ನು ನೆನಪು ಮಾಡಿಕೊಳ್ಳಲಿ. ಆ ವರ್ಷದ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಮನೆಮುಂದೆ ವಾರಗಟ್ಟಲೆ ನಿಂತ ಕಾರುಗಳಲ್ಲಿ ಎಷ್ಟರ ಬ್ಯಾಟರಿ ಕೂತುಹೋಗಿತ್ತು ಎಂದು ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾನೆ. ರಾತ್ರಿಯಿಡೀ ಉರಿದ ಒಳಗಿನ ದೀಪ, ಮನೆಯಿಂದ ಶಾಲೆಗೆ ಎರಡೇ ಕಿಲೋಮೀಟರಿನ ಓಡಾಟ, ನಾಲ್ಕೈದು ವರ್ಷ ಹಳೆಯದಾದ ಬ್ಯಾಟರಿ, ಇಷ್ಟು ಸಾಕು. ಊರೊಳಗೆ ಚೂರುಪಾರು ಓಡಿಸುವ ನಮ್ಮಂಥ ಹೆಂಗಸರ ಕಾರಿನ ಬ್ಯಾಟರಿಯೇ ಮೊದಲು ಕೈಕೊಡುವುದು.

ಇನ್ನು ನಮ್ಮವರಿಗೇ ಒಂದು ಮಾತು, ಬೇಸರ ಮಾಡಿಕೊಳ್ಳಬಾರದು. "ಅಯ್ಯೋ, ನಂಗದೆಲ್ಲ ಗೊತ್ತಾಗಲ್ಲಪ್ಪ, ನಮ್ಮನೆಯವರೇ ನೋಡ್ಕೋತಾರೆ" ಎಂಬ ಮಾತನ್ನು ನಮ್ಮಲ್ಲಿ ಕೆಲವರು ಒಡವೆಯ ಹಾಗೆ ತೊಟ್ಟುಕೊಳ್ಳುತ್ತಾರೆ. ನೋಡಿಕೊಳ್ಳುವವರು ಇರುವುದು ಒಳ್ಳೆಯದೇ. ಆದರೆ ಅವರು ಯಾವಾಗಲೂ ಪಕ್ಕದಲ್ಲೇ ಇರುತ್ತಾರೆಯೆ? ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಲು ಹೆದರುತ್ತಿದ್ದ ಕಾಲ ಒಂದಿತ್ತು. ಮಿಕ್ಸಿ ಮುಟ್ಟಲು ಹೆದರಿದ ಕಾಲ, ಬ್ಯಾಂಕಿನ ಚಲನ್ ತುಂಬಿಸಲು ಪಕ್ಕದ ಮನೆಯ ಹುಡುಗನನ್ನು ಕಾಯುತ್ತಿದ್ದ ಕಾಲವೂ ಇತ್ತು. ಆ ಹೆದರಿಕೆಗಳೆಲ್ಲ ಹೋದದ್ದು ಯಾರೋ ಬಂದು ನೋಡಿಕೊಂಡದ್ದರಿಂದ ಅಲ್ಲ, ನಾವೇ ಒಮ್ಮೆ ಕೈಯಿಟ್ಟದ್ದರಿಂದ.

ಶಾಲೆಯನ್ನೂ ಬಿಡುವ ಹಾಗಿಲ್ಲ. ನಮ್ಮ ಹೆಣ್ಣುಮಕ್ಕಳು ವಿದ್ಯುತ್ ಮಂಡಲದ ಚಿತ್ರವನ್ನು ಸ್ಕೇಲು ಹಿಡಿದು ಚೊಕ್ಕಟವಾಗಿ ಬರೆದು, ಭಾಗ ಗುರುತಿಸಿ ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ. ಮನೆಯ ಟಾರ್ಚಿಗೆ ಸೆಲ್ ಹಾಕುವುದು ಮಾತ್ರ ಅಣ್ಣನ ಕೆಲಸ, ತಮ್ಮನ ಕೆಲಸ. ಹುಡುಗ ಐದನೆಯ ಕ್ಲಾಸಿಗೇ ಅಪ್ಪನ ಜೊತೆ ಬಾನೆಟ್ ಕೆಳಗೆ ತಲೆ ಹಾಕುತ್ತಾನೆ. ಹುಡುಗಿ ಬಗ್ಗಿದರೆ "ಕೈ ಮಸಿಯಾಗುತ್ತೆ, ಈಚೆ ಬಾ" ಎನ್ನುತ್ತೇವೆ. ಅನ್ನುವವರಲ್ಲಿ ಹೆಚ್ಚಿನವರು ತಾಯಂದಿರೇ. ದಿನಾ ಬಾಣಲೆ ತಳ ಉಜ್ಜಿ ಮಸಿಯಾಗುವ ಕೈಗೆ ಬಾನೆಟ್ಟಿನ ಮಸಿ ಹತ್ತಿದರೆ ಏನು ಪ್ರಳಯ? ಆ ಮಗು ನಾಳೆ ಕಾರು ಓಡಿಸುತ್ತದೆ. ಸತ್ತ ಕಾರಿನ ಪಕ್ಕ ನಿಂತು ಯಾರಿಗೆ ಫೋನು ಮಾಡಲಿ ಎಂದು ಯೋಚಿಸುವ ಪಾಠವನ್ನು ನಾವು ಇವತ್ತೇ ಅದಕ್ಕೆ ಹೇಳಿಕೊಡುತ್ತಿದ್ದೇವೆ.

ಆದ್ದರಿಂದ ನಾನು ಕೇಳುವುದು ಕೆಲವೇ ಸಂಗತಿಗಳನ್ನು. ಕಾರು ಕೊಡುವವರು ಓಡಿಸುವವರ ಕೈಗೆ ಕೀ ಕೊಟ್ಟು, ಒಳಗಿನ ಕೀಯನ್ನು ಅವರಿಂದಲೇ ತೆಗೆಸಿ, ಅವರಿಂದಲೇ ಒಂದು ಸಲ ಬಾಗಿಲು ತೆರೆಸಿ ಕಳಿಸಲಿ. ಹಾರ, ಫೋಟೋ ಆಮೇಲೆ ಇರಲಿ. ಕರ್ನಾಟಕದಲ್ಲಿ ಮಾರುವ ಗಾಡಿಗೆ ಕನ್ನಡದಲ್ಲಿ, ನೂರಾರು ಪುಟ ಬೇಡ, ಆಪತ್ಕಾಲಕ್ಕೆ ಬೇಕಾದ ನಾಲ್ಕು ಪುಟವಾದರೂ ಕೊಡಲಿ. ಕಾರು ಮಾಡುವವರು ಕೀ ಹಾಕುವ ತೂತನ್ನು ಕಣ್ಣಿಗೆ ಕಾಣುವಂತೆ ಇಡಲಿ. ಅದಕ್ಕೆ ಕಾಯದೆ ನೀವೂ ಈ ಭಾನುವಾರ ಒಂದು ಕೆಲಸ ಮಾಡಿ. ತಿಂಡಿ ಮುಗಿದ ಮೇಲೆ ಮಗಳನ್ನೂ ಕರೆದುಕೊಂಡು ಕಾರಿನ ಹತ್ತಿರ ಹೋಗಿ. ಕೀಯೊಳಗಿನ ಕೀ ಎಳೆಯಿರಿ, ಬಾಗಿಲಿನ ತೂತು ಹುಡುಕಿ, ಹಾಕಿ ತಿರುಗಿಸಿ. ಬಹಳ ದಿನ ಬಳಸದೆ ಬಿಗಿಯಾಗಿದ್ದರೆ ಅದೂ ಅವತ್ತೇ ಗೊತ್ತಾಗಲಿ. ಬಾನೆಟ್ ಸನ್ನೆ ಎಲ್ಲಿದೆ ನೋಡಿ. ಎರಡನೆಯ ಕೀ ಎಲ್ಲಿದೆ ಎಂದು ಮನೆಯವರನ್ನು ಕೇಳಿ, ಈಸಿಕೊಂಡು, ನಿಮಗೆ ಸಿಗುವ ಜಾಗದಲ್ಲಿ ಇಡಿ. ಕಾರಿನೊಳಗೆ ಮಾತ್ರ ಇಡಬೇಡಿ.

ಮನೆಯವರು "ಇದೆಲ್ಲ ಯಾಕೆ ನಿನಗೆ?" ಎಂದು ಕೇಳಿದರೆ, ಜಗಳ ಬೇಡ. "ಓಡಿಸೋದು ನಾನು ತಾನೆ" ಎಂದರೆ ಸಾಕು.